ನ್ಯೂಯಾರ್ಕ್‌ನಲ್ಲಿ ಸಿಕ್ಕ ರೂಮು, ಬರೋಡಾದಲ್ಲಿ ಸಿಗಲಿಲ್ಲ

ಈ ಎಪಿಸೋಡಲ್ಲಿ ಫಾರಿನ್‌ಗೆ ಓದೋಕೆ ಹೋದ ಒಬ್ಬ ಹುಡುಗನ ಕಥೆ ಹೇಳ್ತೀನಿ. ವಯಸ್ಸು 22. ಐದು ತಿಂಗಳ ಹಿಂದಷ್ಟೇ ಅಪ್ಪ ತೀರಿಕೊಂಡಿದ್ದಾರೆ. ಹೆಂಡತಿ ರಮಾಬಾಯಿ ಊರಲ್ಲೇ ಇದ್ದಾರೆ. 1913ರ ಜುಲೈನಲ್ಲಿ ಈ ಹುಡುಗ ನ್ಯೂಯಾರ್ಕ್‌ಗೆ ಬಂದಿಳಿಯುತ್ತಾನೆ. ಹೆಸರು ಭೀಮರಾವ್ ಅಂಬೇಡ್ಕರ್.

ನಮಗೆ ಅಂಬೇಡ್ಕರ್ ಅಂದ್ರೆ ನೀಲಿ ಕೋಟು, ಕೈಯಲ್ಲಿ ಸಂವಿಧಾನ, ಸರ್ಕಲ್‌ನಲ್ಲಿ ನಿಂತ ಪ್ರತಿಮೆ. ಆದರೆ ಆ ಮೊದಲ ದಿನಗಳಲ್ಲಿ ಅವರ ಚಿಂತೆಗಳೂ ಇವತ್ತಿನ ಸ್ಟೂಡೆಂಟ್‌ಗಳ ಚಿಂತೆಗಳೇ. ಎಲ್ಲಿ ಇರೋದು? ಏನು ತಿನ್ನೋದು? ದುಡ್ಡು ಸಾಕಾಗುತ್ತಾ?

ನಾನು ಬಿ.ಕಾಂ ಓದಿದವನು, ಹಾಗಾಗಿ ದುಡ್ಡಿನ ಲೆಕ್ಕದಿಂದಲೇ ಶುರು ಮಾಡ್ತೀನಿ. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ಸ್ಕಾಲರ್‌ಶಿಪ್ ತಿಂಗಳಿಗೆ 11.5 ಪೌಂಡ್, ಮೂರು ವರ್ಷಕ್ಕೆ. ಆಗ ಒಂದು ಪೌಂಡ್‌ಗೆ 15 ರೂಪಾಯಿ. ಅಂದ್ರೆ ಸುಮಾರು 172 ರೂಪಾಯಿ, ಡಾಲರ್ ಲೆಕ್ಕದಲ್ಲಿ 56ರ ಹತ್ತಿರ. ಇದರಲ್ಲೇ ಓದು, ಊಟ, ಪುಸ್ತಕ. ಇದರಲ್ಲೇ ಉಳಿಸಿ ಮನೆಗೂ ಕಳಿಸಬೇಕು. ಜೊತೆಗೊಂದು ಕರಾರು: ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಬೇಕು. ಈ ಕರಾರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ರೂಮಿನ ವಿಷಯ. ಮೊದಲು ಇದ್ದದ್ದು ಕೊಲಂಬಿಯಾ ಯೂನಿವರ್ಸಿಟಿಯ ಹಾರ್ಟ್ಲಿ ಹಾಲ್ ಹಾಸ್ಟೆಲ್‌ನಲ್ಲಿ. ಅಲ್ಲಿನ ಊಟ ಹಿಡಿಸಲಿಲ್ಲ, ಸುಮಾರು ಒಂದು ವಾರಕ್ಕೇ ಬಿಟ್ಟರು. ಅಲ್ಲಿಂದ ಕೆಲವು ಭಾರತೀಯ ವಿದ್ಯಾರ್ಥಿಗಳಿದ್ದ ಕಾಸ್ಮೊಪಾಲಿಟನ್ ಕ್ಲಬ್‌ಗೆ. ಕೊನೆಗೆ ಲಿವಿಂಗ್‌ಸ್ಟನ್ ಹಾಲ್‌ಗೆ. ಅಲ್ಲಿ ಜೊತೆಗೆ ಸಿಕ್ಕಿದ್ದು ನವಲ್ ಭಥೇನಾ ಅನ್ನೋ ಪಾರ್ಸಿ ಯುವಕ. ಆ ಸ್ನೇಹ ಜೀವನಪೂರ್ತಿ ಉಳಿಯಿತು. ಮುಂದೆ ಕೈಯಲ್ಲಿ ದುಡ್ಡಿಲ್ಲದಾಗ ಸಾಲ ಕೊಟ್ಟವರೂ ಇದೇ ಭಥೇನಾ.

ಇಷ್ಟರಲ್ಲಿ ಏನು ವಿಶೇಷ ಅಂತೀರಾ? ವಿಶೇಷ ಏನೂ ಇಲ್ಲ, ಅದೇ ಇಲ್ಲಿ ದೊಡ್ಡ ವಿಷಯ. ಊರಿನ ಶಾಲೆಯಲ್ಲಿ ಈ ಹುಡುಗ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆ ಕೂರಬೇಕಿತ್ತು. ಬಾಯಾರಿದರೆ ನಲ್ಲಿ ತಿರುಗಿಸಿ ಕೊಡೋಕೆ ಜವಾನನೇ ಬರಬೇಕಿತ್ತು. ನ್ಯೂಯಾರ್ಕ್‌ನಲ್ಲಿ ಇನ್ನೊಬ್ಬರ ಪಕ್ಕ ಕೂತು ಊಟ ಮಾಡೋಕೆ, ಲೈಬ್ರರಿಯಲ್ಲಿ ಕುರ್ಚಿ ಎಳೆದುಕೊಳ್ಳೋಕೆ ಅವರು ಜಾತಿ ಹೇಳಬೇಕಿರಲಿಲ್ಲ. ಹಾಗಂತ ಅಮೆರಿಕ ಸ್ವರ್ಗವಾಗಿತ್ತು ಅಂದ್ಕೋಬೇಡಿ. ಅದೇ ಕಾಲಕ್ಕೆ ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ ಅಂತ ಕಾನೂನೇ ಇತ್ತು.

ಓದಿನ ವಿಷಯಕ್ಕೆ ಬಂದ್ರೆ, ಪ್ರಧಾನ ವಿಷಯ ಅರ್ಥಶಾಸ್ತ್ರ. ಸೆಲಿಗ್ಮನ್, ಜಾನ್ ಡೂಯಿಯಂಥ ಮೇಷ್ಟ್ರುಗಳು. 1915ರಲ್ಲಿ ಎಂ.ಎ. 1916ರ ಮೇನಲ್ಲಿ ಭಾರತದ ಜಾತಿಗಳ ಬಗ್ಗೆ ಸೆಮಿನಾರ್‌ನಲ್ಲಿ ಪ್ರಬಂಧ ಮಂಡನೆ. ಆಮೇಲೆ ಲಂಡನ್.

ಸ್ಕಾಲರ್‌ಶಿಪ್ ಅವಧಿ ಮುಗಿಯಿತು. 1917ರಲ್ಲಿ ಕರಾರಿನ ಪ್ರಕಾರ ಬರೋಡಾಕ್ಕೆ ವಾಪಸ್. ಕೆಲಸ ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ. ರೈಲ್ವೆ ಸ್ಟೇಷನ್‌ನಲ್ಲಿ ಇಳಿದಾಗ ಮತ್ತದೇ ಹಳೇ ಪ್ರಶ್ನೆ: ಎಲ್ಲಿ ಇರೋದು? ಹಿಂದೂ ಹೋಟೆಲ್‌ನವರು ಸೇರಿಸೋದಿಲ್ಲ. ಒಂದು ಪಾರ್ಸಿ ವಸತಿಗೃಹ ಸಿಕ್ಕಿತು. ಅಲ್ಲೂ ಪಾರ್ಸಿಗಳಿಗೆ ಮಾತ್ರ ಜಾಗ. ದಿನಕ್ಕೆ ಒಂದೂವರೆ ರೂಪಾಯಿ, ರಿಜಿಸ್ಟರ್‌ನಲ್ಲಿ ಪಾರ್ಸಿ ಹೆಸರು ಬರೆಸಬೇಕು ಅನ್ನೋ ಒಪ್ಪಂದ. ಮಹಡಿ ಮೇಲೆ ಒಂದು ಸಣ್ಣ ಕೋಣೆ. ರಾತ್ರಿಯಾದರೆ ಮಂಕು ಲಾಟೀನು, ಬಾವಲಿಗಳ ಓಡಾಟ, ಒಬ್ಬರೇ. ಹನ್ನೊಂದನೇ ದಿನ ಬೆಳಗ್ಗೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಮಹಡಿ ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು.

ಒಬ್ಬ ಹಿಂದೂ ಗೆಳೆಯನನ್ನು ಕೇಳಿದರು. ನೀನು ಬಂದರೆ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಕ್ರೈಸ್ತ ಗೆಳೆಯ ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂದ, ಅದೂ ಆಗಲಿಲ್ಲ. ಆ ಸಂಜೆ ಪಾರ್ಕಿನಲ್ಲಿ ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬೈ ಕಡೆ ಹೊರಟರು.

ನನಗೆ ಬಿಟ್ಟೂ ಬಿಡದೆ ಕಾಡೋದು ಇದೇ. ಯಾರೂ ಗುರುತಿಲ್ಲದ ನ್ಯೂಯಾರ್ಕ್‌ನಲ್ಲಿ ಊಟ ಹಿಡಿಸಲಿಲ್ಲ ಅಂತ ಅವರು ತಾವಾಗಿ ರೂಮು ಬಿಟ್ಟರು. ಓದಿಸಿದ ಸಂಸ್ಥಾನದ ರಾಜಧಾನಿಯಲ್ಲಿ ಮಾತ್ರ ದೊಣ್ಣೆ ತೋರಿಸಿ ಬಿಡಿಸಿದರು.

ಬರೋಡಾದ ಆ ದಿನಗಳನ್ನು ಅಂಬೇಡ್ಕರ್ ತಾವೇ ಬರೆದಿಟ್ಟಿದ್ದಾರೆ. ವಿದೇಶದಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತಾರೆ. ಆ ಬರಹದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ಹೆಸರು ಕೇಳಿದ್ರೆ ಎಂಬೆಸಿ ಮುಂದಿನ ಕ್ಯೂ ನೆನಪಾಗುತ್ತೆ. ಆದರೆ ಒಳಗಿರೋದೆಲ್ಲ ನಮ್ಮ ದೇಶದೊಳಗೇ ನಡೆದ ಘಟನೆಗಳು. ಸಣ್ಣ ಪುಸ್ತಕ, ಒಂದೇ ಕೂತಲ್ಲಿ ಓದಬಹುದು, ಓದಿ.

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ‘ನೀವು ಯಾವ ಜನ?’ ಅನ್ನೋ ಪ್ರಶ್ನೆ ಹೊಸದಲ್ಲ, ಅಲ್ವಾ? ಮುಂದಿನ ಸಲ ಯಾರಾದ್ರೂ ಹಾಗೆ ಕೇಳಿದಾಗ ಬರೋಡಾದ ಆ ಪಾರ್ಕು ನೆನಪಿಗೆ ಬರಲಿ. ಮತ್ತೆ ಸಿಗೋಣ.