ತಿಗರಿಯಿಂದ ಕಾರ್ಖಾನೆಗೆ

ಮಣ್ಣಿನ ಕೆಲಸ ಕಲಿಸುವ ನಾನು ಪ್ರತಿ ಹೊಸ ತಂಡಕ್ಕೂ ಪಿಂಗಾಣಿ ವಿನ್ಯಾಸಕಿ ಈವಾ ಝೈಸೆಲ್ ಅವರ ಹೆಸರು ಹೇಳುತ್ತೇನೆ. 1906ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. ತಾಯಿ ಇತಿಹಾಸ ಓದಿದವರು, ಅರ್ಥಶಾಸ್ತ್ರದಲ್ಲಿ ಹೆಸರಾದ ಕಾರ್ಲ್ ಪೊಲಾನ್ಯಿ ಸೋದರಮಾವ. ಅಂಥ ಮನೆಯ ಹುಡುಗಿ ಚಿತ್ರಕಲೆಯ ಓದು ಬಿಟ್ಟು ಕುಂಬಾರನೊಬ್ಬನ ಕೈಕೆಳಗೆ ಕೆಲಸಕ್ಕೆ ನಿಂತರು. ಚಿಮಣಿ ಗುಡಿಸುವವರು, ಒಲೆ ಕಟ್ಟುವವರು, ಹೆಂಚು ಹೊದಿಸುವವರು, ಬಾವಿ ತೋಡುವವರು, ಕುಂಬಾರರು ಎಲ್ಲ ಸೇರಿದ್ದ ಕಸುಬುದಾರರ ಸಂಘಕ್ಕೆ ಸೇರಿದ ಮೊದಲ ಹೆಂಗಸು ಅವರೇ.

1928ರಲ್ಲಿ ಜರ್ಮನಿಯ ಶ್ರಾಂಬರ್ಗ್ ಊರಿನ ಪಿಂಗಾಣಿ ಕಾರ್ಖಾನೆಗೆ ಹೋದಾಗ ಅವರ ಕೆಲಸದ ರೀತಿಯೇ ಬದಲಾಯಿತು. ತಿಗರಿಯ ಮೇಲೆ ಆಕಾರ ಬರುವುದು ಬೆರಳಿನಲ್ಲಿ. ಕಾರ್ಖಾನೆಗೆ ಮೊದಲು ನಕ್ಷೆ ಬೇಕು. ಭಟ್ಟಿಯಲ್ಲಿ ಮಣ್ಣು ಕುಗ್ಗುವುದರಿಂದ ಮೂಲ ಮಾದರಿಯನ್ನು ಅಷ್ಟೇ ಲೆಕ್ಕ ಹಾಕಿ ದೊಡ್ಡದಾಗಿ ಮಾಡಬೇಕು. ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯಬೇಕು. ಪಾತ್ರೆ ಅಚ್ಚಿನಿಂದ ಮುರಿಯದೆ ಬಿಟ್ಟುಬರಬೇಕು. ಇಷ್ಟೆಲ್ಲ ಕಟ್ಟುಪಾಡಿನೊಳಗೆ ಬಾಗು ಬಳುಕು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಒಂದು ಹಿಡಿಕೆ ಕೂರಿಸಿ ನೋಡಿದವರಿಗೆ ಗೊತ್ತು. ಆ ಕಾಲದ ಆಧುನಿಕರಿಗೆ ಸರಳರೇಖೆ, ವೃತ್ತಗಳ ಮೇಲೆ ಮೋಹ. ಈವಾ ಸಹ ಕೈವಾರ ಹಿಡಿದೇ ಶುರುಮಾಡಿದರು, ಆಮೇಲೆ ಅದರಿಂದ ದೂರ ಸರಿದರು. ಅವರ ದೊಡ್ಡತನ ಇರುವುದು ಅಲ್ಲೇ ಎಂದು ನನ್ನ ನಂಬಿಕೆ.

1932ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದರು. ಮೂವತ್ತು ತುಂಬುವ ಮೊದಲೇ ರಷ್ಯಾ ಗಣರಾಜ್ಯದ ಪಿಂಗಾಣಿ, ಗಾಜು ಉದ್ಯಮದ ಕಲಾನಿರ್ದೇಶಕಿಯಾದರು. 1936ರಲ್ಲಿ ಸ್ಟಾಲಿನ್ ಕೊಲೆಗೆ ಸಂಚು ಹೂಡಿದ ಸುಳ್ಳು ಆಪಾದನೆ ಹೊರಿಸಿ ಅವರನ್ನು ಬಂಧಿಸಲಾಯಿತು. 16 ತಿಂಗಳ ಸೆರೆ, ಬಹುಪಾಲು ಒಂಟಿ ಕೋಣೆಯಲ್ಲಿ. ಬಿಡುಗಡೆಯಾಗಿ ವಿಯೆನ್ನಾಕ್ಕೆ ಬಂದರೆ 1938ರಲ್ಲಿ ಅಲ್ಲಿಗೂ ನಾತ್ಸಿಗಳು ಬಂದರು. ಅದೇ ವರ್ಷ ಅಮೆರಿಕ ಸೇರಿದರು.

ನ್ಯೂಯಾರ್ಕ್‌ನ ಪ್ರಾಟ್ ಸಂಸ್ಥೆಯಲ್ಲಿ, ಪಿಂಗಾಣಿಯನ್ನು ಕಾರ್ಖಾನೆಯ ಉತ್ಪಾದನೆಗಾಗಿ ವಿನ್ಯಾಸ ಮಾಡುವುದನ್ನು ಕಲಿಸಿದರು. ಅದೇ ಊರಿನ ಆಧುನಿಕ ಕಲಾ ಸಂಗ್ರಹಾಲಯದ ಸಹಯೋಗದಲ್ಲಿ ಕ್ಯಾಸಲ್ಟನ್ ಕಂಪನಿಗೆ ರೂಪಿಸಿದ ಅಚ್ಚಬಿಳಿಯ ಊಟದ ಪಾತ್ರೆಗಳು ಯುದ್ಧದಿಂದಾಗಿ ತಡವಾಗಿ, 1946ರಲ್ಲಿ ಪ್ರದರ್ಶನಕ್ಕೆ ಬಂದವು. ನನಗೆ ಅದಕ್ಕಿಂತ ಹತ್ತಿರದವು ರೆಡ್ ವಿಂಗ್ ಕಾರ್ಖಾನೆಗೆ ಮಾಡಿಕೊಟ್ಟ ಉಪ್ಪು-ಮೆಣಸಿನ ಪುಟ್ಟ ಡಬ್ಬಿಗಳು. ಒಂದು ದೊಡ್ಡದು, ಒಂದು ಚಿಕ್ಕದು. ತಾಯಿ ಮಗುವನ್ನು ಅವುಚಿಕೊಂಡ ಹಾಗೆ ಒಂದಕ್ಕೊಂದು ಆತು ನಿಲ್ಲುತ್ತವೆ. ಬೇರೆ ಬೇರೆ ಮಾಡಿದರೆ ಎರಡೂ ಬಡವಾಗುತ್ತವೆ.

ಕೊನೆಗಾಲದಲ್ಲಿ ಕಣ್ಣು ಮಂದವಾದಾಗ ಮಾದರಿಗಳನ್ನು ಮುಟ್ಟಿ ನೋಡಿಯೇ ತಿದ್ದುತ್ತಿದ್ದರು. ನೂರು ದಾಟಿದ ಮೇಲೂ ವಿನ್ಯಾಸ ಮಾಡುತ್ತಿದ್ದ ಅವರು 2011ರ ಡಿಸೆಂಬರ್ 30ರಂದು, 105ನೇ ವಯಸ್ಸಿನಲ್ಲಿ ತೀರಿಕೊಂಡರು.