ಮಗುಚಿ ಹಿಡಿದ ಗಿಟಾರ್

ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನು, ತಂತಿಗಳನ್ನು ಬದಲಿಸದೆ, ಹಾಗೆಯೇ ಮಗುಚಿ ಹಿಡಿದು ಎಡಗೈಯಿಂದ ಮೀಟುವ ವಾದನಕ್ರಮ. ಸಾಮಾನ್ಯವಾಗಿ ಗಿಟಾರಿನ ದಪ್ಪನೆಯ ಮಂದ್ರ ತಂತಿ ವಾದಕರ ಮುಖದ ಕಡೆಗೂ ತೆಳ್ಳನೆಯ ತಾರ ತಂತಿ ನೆಲದ ಕಡೆಗೂ ಇರುತ್ತದೆ. ವಾದ್ಯವನ್ನು ಮಗುಚಿದಾಗ ತಾರ ತಂತಿ ಮೇಲಕ್ಕೆ ಬರುತ್ತದೆ, ಮಂದ್ರ ಕೆಳಗೆ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ, ಮುಖ್ಯವಾಗಿ ಕಪ್ಪು ಜನರ ಜನಪದ ಸಂಗೀತ ಮತ್ತು ಬ್ಲೂಸ್ ವಾದಕರ ಕೈಯಲ್ಲಿ, ಇದು ತನ್ನದೇ ನಾದವುಳ್ಳ ಶೈಲಿಯಾಗಿ ಬೆಳೆಯಿತು. ಇದನ್ನು ಯಾವ ಗುರುವೂ ಪಾಠವಾಗಿ ಹೇಳಿಕೊಟ್ಟಿದ್ದಲ್ಲ. ಮನೆಯಲ್ಲಿದ್ದ ಒಂದೇ ವಾದ್ಯ ಅಣ್ಣನದೋ ಅಪ್ಪನದೋ ಆಗಿದ್ದು, ಅದರ ತಂತಿ ಮುಟ್ಟುವ ಹಕ್ಕು ಮಕ್ಕಳಿಗಿಲ್ಲದಿದ್ದಾಗ ಹುಟ್ಟಿಕೊಂಡ ದಾರಿ ಇದು.

ಜನರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿ ಎಡಗೈಯವರು. ಗಿಟಾರ್ ಕಲಿಯಹೊರಟ ಎಡಗೈಯವರು ತಮಗೆಂದೇ ಮಾಡಿದ ವಾದ್ಯವನ್ನು ಕೊಳ್ಳಬಹುದು, ಆದರೆ ಅಂಥವು ಅಂಗಡಿಗಳಲ್ಲಿ ಇಂದಿಗೂ ಕಡಿಮೆ. ಸಾಮಾನ್ಯ ಗಿಟಾರಿನ ತಂತಿಗಳನ್ನೆಲ್ಲ ಬಿಚ್ಚಿ ಹಿಂದುಮುಂದಾಗಿ ಕಟ್ಟಿಸಬಹುದು. ಅದೂ ಸುಲಭದ ಕೆಲಸವಲ್ಲ: ಬಿರಡೆಗಳ ಬುಡದಲ್ಲಿ ತಂತಿ ಕೂರುವ ಗೀರುಗಳು ಒಂದೊಂದು ತಂತಿಯ ದಪ್ಪಕ್ಕೆ ತಕ್ಕಂತೆ ಕೊರೆದಿರುತ್ತವೆ, ಶ್ರುತಿ ಸರಿಹೋಗಲೆಂದು ಕುದುರೆಯನ್ನು ಒಂದು ಬದಿಗೆ ಓರೆಯಾಗಿ ಕೂರಿಸಿರುತ್ತಾರೆ, ಉಕ್ಕಿನ ತಂತಿಯ ಗಿಟಾರಿನ ಹೊಟ್ಟೆಯೊಳಗಿನ ಮರದ ಪಟ್ಟಿಗಳೂ ಎರಡು ಬದಿಗೆ ಒಂದೇ ಸಮನಾಗಿರುವುದಿಲ್ಲ. ಏನನ್ನೂ ಮುಟ್ಟದೆ ಮಗುಚಿ ಹಿಡಿಯುವುದು ಮೂರನೆಯ ದಾರಿ.

ಜಿಮಿ ಹೆಂಡ್ರಿಕ್ಸ್‌ನನ್ನು ಈ ಗುಂಪಿಗೆ ಸೇರಿಸುವುದು ಬಹಳ ಕಾಲದಿಂದ ನಡೆದುಬಂದಿರುವ ತಪ್ಪು. ಆತ ಬಲಗೈಯ ಸ್ಟ್ರಾಟೋಕ್ಯಾಸ್ಟರನ್ನು ಮಗುಚಿ ಹಿಡಿಯುತ್ತಿದ್ದುದು ನಿಜ, ಆದರೆ ಮಂದ್ರ ತಂತಿ ಮೇಲೆಯೇ ಬರುವಂತೆ ತಂತಿಗಳನ್ನು ಬದಲಿಸಿ ಕಟ್ಟಿಕೊಳ್ಳುತ್ತಿದ್ದ. ಪಾಲ್ ಮೆಕಾರ್ಟ್ನಿ ಮಾಡಿದ್ದೂ ಅದನ್ನೇ. ಇವರಿಬ್ಬರ ಬೆರಳಿಗೆ ಸಿಗುತ್ತಿದ್ದುದು ಎಲ್ಲರಿಗೂ ಸಿಗುವ ಕ್ರಮವೇ.

ತಂತಿಕ್ರಮ ತಿರುಗಿದಾಗ ಕೈಗೆ ಆಗುವ ಬದಲಾವಣೆ ದೊಡ್ಡದು. ಪುಸ್ತಕದಲ್ಲಿ ಚಿತ್ರಿಸಿದ ಕಾರ್ಡ್‌ಗಳ ಬೆರಳಿಡುವಿಕೆ ಒಂದೂ ಉಪಯೋಗಕ್ಕೆ ಬರುವುದಿಲ್ಲ, ಎಲ್ಲವನ್ನೂ ಹೊಸದಾಗಿ ಕಂಡುಕೊಳ್ಳಬೇಕು. ಕೈಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಮೊದಲು ತಾರ ಸ್ವರ ಕೇಳುತ್ತದೆ, ಮಂದ್ರ ಕೊನೆಗೆ. ಕುತ್ತಿಗೆಯ ಹಿಂದಿನಿಂದ ಇಣುಕುವ ಹೆಬ್ಬೆರಳಿಗೆ ಮಂದ್ರದ ಬದಲು ತಾರ ತಂತಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ತಂತಿಯನ್ನು ಬಾಗಿಸುವ ಬಗೆ. ವೀಣೆಯ ಮೆಟ್ಟಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತರುವಂತೆ ಬ್ಲೂಸ್ ವಾದಕರೂ ತಂತಿಯನ್ನು ಅಡ್ಡಕ್ಕೆ ಸರಿಸಿ ಸ್ವರವನ್ನು ಏರಿಸುತ್ತಾರೆ. ಸಾಮಾನ್ಯ ಕ್ರಮದಲ್ಲಿ ತಾರ ತಂತಿಯನ್ನು ಮೇಲಕ್ಕೆ ತಳ್ಳಬೇಕು. ಮಗುಚಿದ ಗಿಟಾರಿನಲ್ಲಿ ಅದು ಮೇಲಂಚಿನಲ್ಲೇ ಇರುವುದರಿಂದ ಅಂಗೈಯ ಕಡೆಗೆ, ಕೆಳಕ್ಕೆ ಎಳೆಯಬೇಕು. ಮುಷ್ಟಿ ಬಿಗಿಯುವ ಬಲವೆಲ್ಲ ಆ ಎಳೆತಕ್ಕೆ ಒದಗುತ್ತದೆ.

ಈ ಶೈಲಿಯ ಚರಿತ್ರೆಯಲ್ಲಿ ಮೊದಲು ಹೇಳಬೇಕಾದ ಹೆಸರು ಎಲಿಜಬೆತ್ ಕಾಟನ್. ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಸಮೀಪ 1893ರಲ್ಲಿ ಹುಟ್ಟಿದ ಈಕೆ, ಅಣ್ಣ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವನ ಬ್ಯಾಂಜೋವನ್ನು ಕದ್ದು ತೆಗೆದು ನುಡಿಸುತ್ತಿದ್ದಳು. ತನ್ನದಲ್ಲದ ವಾದ್ಯದ ತಂತಿ ಬದಲಿಸುವಂತಿರಲಿಲ್ಲ, ಹಾಗಾಗಿ ಮಗುಚಿ ಹಿಡಿದಳು. ಅಣ್ಣ ವಾದ್ಯದೊಂದಿಗೆ ಮನೆ ಬಿಟ್ಟ ಮೇಲೆ ಶಾಲೆ ತೊರೆದು ಮನೆಗೆಲಸಕ್ಕೆ ಸೇರಿ, ತಿಂಗಳಿಗೆ ಒಂದು ಡಾಲರಿಗೂ ಮೀರದ ಸಂಬಳದಲ್ಲಿ ಉಳಿಸಿ, 3.75 ಡಾಲರ್ ಕೊಟ್ಟು ಸ್ಟೆಲ್ಲಾ ಕಂಪನಿಯ ಗಿಟಾರ್ ಕೊಂಡಳು. ಈಗ ವಾದ್ಯ ತನ್ನದೇ ಆದರೂ ಕೈ ಆಗಲೇ ಪಳಗಿತ್ತು.

ಬೆರಳಿನಿಂದ ಮೀಟುವ ಸಾಮಾನ್ಯ ಪದ್ಧತಿಯಲ್ಲಿ ಹೆಬ್ಬೆರಳು ಮಂದ್ರ ತಂತಿಗಳ ಮೇಲೆ ಲಯ ಹಿಡಿದಿದ್ದರೆ ಉಳಿದ ಬೆರಳುಗಳು ರಾಗ ನುಡಿಸುತ್ತವೆ. ಕಾಟನ್‌ಳಲ್ಲಿ ಈ ಕೆಲಸಗಳು ಅದಲುಬದಲಾದವು: ಬೆರಳುಗಳು ಮಂದ್ರದ ಲಯವನ್ನೂ ಹೆಬ್ಬೆರಳು ರಾಗವನ್ನೂ ವಹಿಸಿಕೊಂಡವು. ಹೆಬ್ಬೆರಳಿನ ಮಾಂಸಲ ತುದಿ ತೆಳ್ಳನೆಯ ತಂತಿಗೆ ತಾಗಿದಾಗ ರಾಗಕ್ಕೊಂದು ತುಂಬು ಬರುತ್ತದೆ. ಲಯ ಹಗುರವಾಗಿ, ಪುಟಿಯುವಂತೆ ಕೇಳುತ್ತದೆ. ಆಕೆಯ ಧ್ವನಿಮುದ್ರಿಕೆಗಳನ್ನು ಕೇಳಿ ಅದೇ ಹಾಡನ್ನು ಬಲಗೈಯವರು ಎಷ್ಟು ನಿಖರವಾಗಿ ನುಡಿಸಿದರೂ ಈ ತೂಕ ಪೂರ್ತಿ ಸಿಗುವುದಿಲ್ಲ. ಈ ಪದ್ಧತಿಗೆ ‘ಕಾಟನ್ ಪಿಕಿಂಗ್’ ಎಂದೇ ಹೆಸರು ನಿಂತಿದೆ.

ಬಾಲ್ಯದಲ್ಲೇ ‘ಫ್ರೈಟ್ ಟ್ರೇನ್’ ಹಾಡು ಕಟ್ಟಿದ್ದ ಈಕೆ, ಲೌಕಿಕ ಹಾಡು ಬೇಡವೆಂಬ ಚರ್ಚಿನ ಒತ್ತಡದಿಂದ ಗಿಟಾರನ್ನು ದಶಕಗಳ ಕಾಲ ಬಿಟ್ಟಿದ್ದಳು. ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದಾಗ ತಪ್ಪಿಸಿಕೊಂಡಿದ್ದ ಹುಡುಗಿ ಪೆಗ್ಗಿ ಸೀಗರ್‌ಳನ್ನು ತಾಯಿಗೆ ಒಪ್ಪಿಸಿದ್ದೇ ನೆಪವಾಗಿ ಸಂಗೀತಗಾರರಾದ ಸೀಗರ್ ಕುಟುಂಬದ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಗೋಡೆಗೆ ತೂಗಿದ್ದ ಗಿಟಾರ್ ಮತ್ತೆ ಅವಳ ಕೈಗೆ ಬಂತು. ಪೆಗ್ಗಿಯ ಅಣ್ಣ ಮೈಕ್ ಸೀಗರ್ ಮಾಡಿಕೊಂಡ ಧ್ವನಿಮುದ್ರಣವನ್ನು ಫೋಕ್‌ವೇಸ್ ಸಂಸ್ಥೆ 1958ರಲ್ಲಿ ಹೊರತಂದಾಗ ಈಕೆಗೆ ಅರವತ್ತು ದಾಟಿತ್ತು. ಅದಕ್ಕೂ ಮೊದಲೇ, 1957ರಲ್ಲಿ, ‘ಫ್ರೈಟ್ ಟ್ರೇನ್’ ಬ್ರಿಟನ್ನಿನಲ್ಲಿ ಬೇರೆಯವರ ಹೆಸರಿನಲ್ಲಿ ಜನಪ್ರಿಯವಾಗಿತ್ತು. ಹಾಡು ಕಟ್ಟಿದವಳು ಯಾರೆಂಬುದನ್ನು ಒಪ್ಪಿಸಲು ಸೀಗರ್ ಕುಟುಂಬ ಹೋರಾಡಬೇಕಾಯಿತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ಕಾಟನ್ 1987ರಲ್ಲಿ ತೀರಿಕೊಂಡಳು.

ವಿದ್ಯುತ್ ಗಿಟಾರಿನಲ್ಲಿ ಈ ಕ್ರಮದ ಪೂರ್ಣ ಬಲವನ್ನು ತೋರಿಸಿದವನು ಆಲ್ಬರ್ಟ್ ಕಿಂಗ್ (1923-1992). ಮಿಸಿಸಿಪಿಯ ಇಂಡಿಯನೋಲಾದಲ್ಲಿ ಹುಟ್ಟಿದ ಈತನ ಮೊದಲ ವಾದ್ಯ ಕೈಯಾರೆ ಮಾಡಿಕೊಂಡದ್ದು. ಗಿಬ್ಸನ್ ಕಂಪನಿ 1958ರಲ್ಲಿ ಬಿಡುಗಡೆ ಮಾಡಿದ ಬಾಣದ ಬಾಲದಾಕಾರದ ‘ಫ್ಲೈಯಿಂಗ್ ವಿ’ ಕಿಂಗ್‌ನ ಗುರುತಾಯಿತು. ಅದರ ಎರಡು ರೆಕ್ಕೆಗಳೂ ಒಂದೇ ಅಳತೆಯವು, ಮಗುಚಿದರೂ ಆಕಾರ ಕೆಡುವುದಿಲ್ಲ. ಬೇರೆ ಗಿಟಾರುಗಳಲ್ಲಿ ಮೇಲಿನ ಮೆಟ್ಟುಗಳಿಗೆ ಕೈ ತಲುಪಲೆಂದು ಕಡಿದ ಭಾಗ ಮಗುಚಿದಾಗ ತಪ್ಪು ಬದಿಗೆ ಬರುತ್ತದೆ; ಇದರಲ್ಲಿ ಆ ತೊಂದರೆ ಇಲ್ಲ. ಕಿಂಗ್ ಶ್ರುತಿಯನ್ನು ಸಾಮಾನ್ಯಕ್ಕಿಂತ ಇಳಿಸಿಕೊಂಡು, ಹೆಬ್ಬೆರಳಿನಿಂದ ಮೀಟಿ, ತಾರ ತಂತಿಯನ್ನು ಕೆಳಕ್ಕೆ ಜಗ್ಗುತ್ತಿದ್ದ. ಒಂದೇ ಸ್ವರವನ್ನು ಹಂತಹಂತವಾಗಿ ಏರಿಸಿ, ಪೂರ್ತಿ ಮುಟ್ಟುವ ಮೊದಲು ಅರೆಗಳಿಗೆ ನಿಲ್ಲಿಸುವ ಆ ಎಳೆತವೇ ಅವನ ಹಾಡುಗಾರಿಕೆ. ಸ್ಟ್ಯಾಕ್ಸ್ ಸಂಸ್ಥೆ 1967ರಲ್ಲಿ ಪ್ರಕಟಿಸಿದ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಇಂಗ್ಲೆಂಡಿನ ಎರಿಕ್ ಕ್ಲ್ಯಾಪ್ಟನ್‌ನಂಥವರಿಗೆ ಪಾಠವಾಯಿತು. ಟೆಕ್ಸಾಸಿನ ಸ್ಟೀವಿ ರೇ ವಾನ್ ಕಿಂಗ್‌ನ ವರಸೆಗಳನ್ನು ಬಲಗೈಯಲ್ಲೇ ಸಾಧಿಸಿಕೊಂಡು, 1983ರಲ್ಲಿ ಕೆನಡಾದ ಟಿವಿ ಕಾರ್ಯಕ್ರಮವೊಂದರಲ್ಲಿ ಅವನ ಪಕ್ಕ ಕುಳಿತು ನುಡಿಸಿದ. ಗುರು ಎಳೆದ ಕಡೆ ಶಿಷ್ಯ ತಳ್ಳುವುದನ್ನು ಅದರ ದೃಶ್ಯಮುದ್ರಣದಲ್ಲಿ ಕಣ್ಣಾರೆ ನೋಡಬಹುದು.

ಷಿಕಾಗೋದಲ್ಲಿ ನೆಲೆಸಿದ ಓಟಿಸ್ ರಷ್ 1956ರ ‘ಐ ಕಾಂಟ್ ಕ್ವಿಟ್ ಯು ಬೇಬಿ’ಯಿಂದ ಹೆಸರಾದವನು, ಅವನದೂ ಇದೇ ಕ್ರಮ. ಕ್ಲೀವ್‌ಲೆಂಡಿನ ಸೋಲ್ ಗಾಯಕ ಬಾಬಿ ವೊಮ್ಯಾಕ್ ತಂದೆಯ ಗಿಟಾರನ್ನು ಅವರಿಲ್ಲದಾಗ ನುಡಿಸಿ ಕಲಿತವನು.

ಡಿಕ್ ಡೇಲ್‌ನ (1937-2019) ದಾರಿ ಬೇರೆ. ಬಾಸ್ಟನ್ನಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿದ, ಲೆಬನಾನ್ ಮೂಲದ ಈತ ಕಡಲಲೆಯ ಮೇಲಾಡುವವರ ‘ಸರ್ಫ್’ ಸಂಗೀತಕ್ಕೆ ರೂಪ ಕೊಟ್ಟವನು. ಪೂರ್ವ ಮೆಡಿಟರೇನಿಯನ್ನಿನ ಹಳೆಯ ಧಾಟಿ ‘ಮಿಸಿರ್ಲೂ’ವನ್ನು 1962ರಲ್ಲಿ ಬಿರುಸಿನ ಮೀಟಿನಲ್ಲಿ ನುಡಿಸಿದ್ದು ಆತನ ಕೀರ್ತಿಗೆ ಕಾರಣ. ಎಡಗೈಯವರಿಗೆಂದೇ ಮಾಡಿದ ಗಿಟಾರ್ ಕೈಗೆ ಬಂದ ಮೇಲೂ ಡೇಲ್ ಅದಕ್ಕೆ ತಂತಿಗಳನ್ನು ತಿರುಗುಮುರುಗಾಗಿಯೇ ಕಟ್ಟಿಸಿಕೊಂಡ. ತಂತಿಗಳೂ ರೂಢಿಗಿಂತ ತೀರ ದಪ್ಪ. ಅನಿವಾರ್ಯವಾಗಿ ಹುಟ್ಟಿದ್ದು ಇಲ್ಲಿ ಬೇಕೆಂದೇ ಆರಿಸಿಕೊಂಡ ಕ್ರಮವಾಗಿದೆ.

ಮುಂದಿನ ತಲೆಮಾರಿನಲ್ಲಿ ಕೋಕೋ ಮೊಂಟೋಯಾ ಮತ್ತು ಕ್ಲ್ಯಾಪ್ಟನ್‌ನ ತಂಡದಲ್ಲೂ ನುಡಿಸಿದ ಡಾಯಲ್ ಬ್ರಾಮ್‌ಹಾಲ್ (ಎರಡನೆಯ) ಈ ಕ್ರಮದ ಪ್ರಮುಖರು. ಮೆಂಫಿಸ್ಸಿನ ಎರಿಕ್ ಗೇಲ್ಸ್‌ನದು ವಿಶೇಷ ಪ್ರಸಂಗ: ಆತ ಬರೆಯುವುದು ಬಲಗೈಯಲ್ಲಿ. ಎಡಗೈಯವನಾದ ಅಣ್ಣ ಗಿಟಾರ್ ಮಗುಚಿ ಹಿಡಿಯುತ್ತಿದ್ದ. ಅವನಿಂದ ಕಲಿತ ತಮ್ಮನೂ ಹಾಗೆಯೇ ಹಿಡಿದ.