ಆಲೆ ಮರದ ನ್ಯಾಟ್: ಹನ್ನೆರಡು ಸೆಂಟಿಮೀಟರಿನ ಇತಿಹಾಸ

ಯುದ್ಧವಿಮಾನವೊಂದರ ಮಾದರಿಯನ್ನು ಕೈಯಿಂದ ಮಾಡುವುದು ಮಕ್ಕಳಾಟವೆಂದು ಹಲವರ ಎಣಿಕೆ. ಮಾಡಿ ನೋಡಿದವರಿಗೆ ಮಾತ್ರ ಅದು ಇತಿಹಾಸದ ಪಾಠವೆಂಬುದು ತಿಳಿಯುತ್ತದೆ. ಪಠ್ಯಪುಸ್ತಕದಲ್ಲಿ "ನಮ್ಮ ವಿಮಾನಗಳು ಶತ್ರುವನ್ನು ಹಿಮ್ಮೆಟ್ಟಿಸಿದವು" ಎಂದು ಬರೆದು ಮುಂದೆ ಸಾಗಬಹುದು. ಮಾದರಿ ಮಾಡುವವನು ಹಾಗೆ ಸಾಗಲಾರ. ಯಾವ ವಿಮಾನ, ಯಾವ ವರ್ಷ, ಯಾವ ಬಣ್ಣ, ಗಾಲಿ ಎಲ್ಲಿ ಮಡಚುತ್ತದೆ ಎಂಬ ಪ್ರತಿಯೊಂದು ಪ್ರಶ್ನೆಗೂ ಅವನು ಉತ್ತರ ಹುಡುಕಲೇಬೇಕು. ನಿವೃತ್ತಿಯ ಬಿಡುವಿನಲ್ಲಿ ನಾನು ಮಾಡಿದ ನ್ಯಾಟ್ ವಿಮಾನದ ಮಾದರಿ ನನಗೆ ಕಲಿಸಿದ್ದನ್ನು ಇಲ್ಲಿ ಹೇಳಬಯಸುತ್ತೇನೆ.

ನ್ಯಾಟ್ ಎಂದರೆ ನುಸಿ. ಇದನ್ನು ರೂಪಿಸಿದವರು ಇಂಗ್ಲೆಂಡಿನ ಫಾಲೆಂಡ್ ಕಂಪನಿಯ ಡಬ್ಲ್ಯು. ಇ. ಡಬ್ಲ್ಯು. ಪೆಟರ್. ಕ್ಯಾನ್‌ಬೆರಾ ಬಾಂಬರ್ ವಿಮಾನದ ವಿನ್ಯಾಸಕರೂ ಅವರೇ. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವೂ ದುಬಾರಿಯೂ ಆಗುತ್ತಿದ್ದ ಕಾಲದಲ್ಲಿ, ಚಿಕ್ಕದಾದ, ಹಗುರವಾದ, ಅಗ್ಗದ ವಿಮಾನವೂ ಅದೇ ಕೆಲಸ ಮಾಡಬಲ್ಲದು ಎಂದು ಅವರು ವಾದಿಸಿದರು. 1955ರ ಜುಲೈನಲ್ಲಿ ನ್ಯಾಟ್ ಮೊದಲ ಬಾರಿಗೆ ಹಾರಿತು. ಬ್ರಿಟನ್ನಿನ ವಾಯುಪಡೆ ಇದನ್ನು ಯುದ್ಧಕ್ಕೆ ಆರಿಸಿಕೊಳ್ಳಲಿಲ್ಲ. ಎರಡು ಆಸನಗಳ ತರಬೇತಿ ವಿಮಾನವಾಗಿ ಮಾತ್ರ ಬಳಸಿತು. ಒಂದೇ ಆಸನದ ಯುದ್ಧವಿಮಾನವನ್ನು ದೊಡ್ಡ ಸಂಖ್ಯೆಯಲ್ಲಿ ಸ್ವೀಕರಿಸಿದ ದೇಶ ನಮ್ಮದು. 1956ರ ಒಪ್ಪಂದದ ಫಲವಾಗಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ, ಅಂದರೆ 1964ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್, ಇದನ್ನು ತಯಾರಿಸಿತು. ಅದರ ಆರ್ಫಿಯಸ್ ಎಂಜಿನ್ ಸಹ ಬೆಂಗಳೂರಿನಲ್ಲಿಯೇ ತಯಾರಾಯಿತು.

ಮಾದರಿ ಮಾಡುವವನ ಮೊದಲ ತೊಡಕು ಇಲ್ಲಿಯೇ ಹುಟ್ಟುತ್ತದೆ. ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ನ್ಯಾಟ್ ಬ್ರಿಟನ್ನಿನ ತರಬೇತಿ ವಿಮಾನದ್ದು. ಹಿಂದಿನ ಆಸನವನ್ನು ಮುಚ್ಚಿಬಿಟ್ಟರೆ ಅದು ನಮ್ಮ ನ್ಯಾಟ್ ಆಗದು. ಏಕೆಂದರೆ ಅದರ ಒಡಲೂ ಉದ್ದ, ರೆಕ್ಕೆಯೂ ದೊಡ್ಡದು. ಆದ್ದರಿಂದ ನಾನು ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರದ ತುಂಡನ್ನು ಹಿಡಿದು, ನಕ್ಷೆಯನ್ನು ಮುಂದಿಟ್ಟುಕೊಂಡು ಕೆತ್ತತೊಡಗಿದೆ. ನಿಜವಾದ ನ್ಯಾಟ್‌ನ ಉದ್ದ 8.74 ಮೀಟರ್, ರೆಕ್ಕೆಯ ಹರವು 6.73 ಮೀಟರ್. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ಇದು ಸುಮಾರು 12 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರಿಗೆ ತುಸು ಮಿಕ್ಕಿದ ಅಗಲ. ಅಂಗೈಯಲ್ಲಿ ಕೂರುವಷ್ಟು.

ಕೆತ್ತುತ್ತ ಹೋದಂತೆ ಪೆಟರ್ ಅವರ ಜಾಣತನ ಬೆರಳಿಗೆ ಅರ್ಥವಾಗುತ್ತದೆ. ರೆಕ್ಕೆಗಳಲ್ಲಿ ಗಾಲಿಯ ಗುಳಿಗಳಿಲ್ಲ. ಗಾಲಿಗಳು ಒಡಲೊಳಗೇ ಮಡಚಿಕೊಳ್ಳುತ್ತವೆ. ಗಾಲಿಯ ಬಾಗಿಲುಗಳೇ ಗಾಳಿಯಲ್ಲಿ ವೇಗ ತಗ್ಗಿಸುವ ತಡೆಗಳೂ ಹೌದು. ಒಂದೇ ಅಂಗಕ್ಕೆ ಎರಡು ಕೆಲಸ. 30 ಮಿಲಿಮೀಟರಿನ ಎರಡು ತೋಪುಗಳು ಗಾಳಿ ಒಳಸೇರುವ ಬಾಯಿಗಳ ಪಕ್ಕದಲ್ಲಿ ಅಡಗಿವೆ. ಅವನ್ನು ನಾನು ಇಂಜೆಕ್ಷನ್ ಸೂಜಿಯ ತುಂಡುಗಳಿಂದ ಮಾಡಿದೆ. ಇವೇ ತೋಪುಗಳು ಕಾಳಗದ ನಡುವೆ ಸಿಕ್ಕಿಕೊಂಡು ನಿಂತು, 1965ರಲ್ಲಿ ನಮ್ಮ ಪೈಲಟ್‌ಗಳನ್ನು ಕಾಡಿದ್ದೂ ಉಂಟು.

ಇನ್ನೊಂದು ಎಚ್ಚರಿಕೆ. ನ್ಯಾಟ್‌ನ ತಮ್ಮನಾದ ಅಜೀತ್ ವಿಮಾನ ಹೊರನೋಟಕ್ಕೆ ಅಣ್ಣನಂತೆಯೇ ಇದೆ. ಆದರೆ ಅದು ರೆಕ್ಕೆಯೊಳಗೇ ಇಂಧನ ತುಂಬಿಕೊಳ್ಳುತ್ತದೆ. ರೆಕ್ಕೆಯ ಕೆಳಗೆ ನಾಲ್ಕು ತೂಗುಕೊಂಡಿಗಳಿವೆ. ಅದು ಮೊದಲು ಹಾರಿದ್ದೇ 1975ರಲ್ಲಿ. ಅದನ್ನು ನೋಡಿ 1971ರ ನ್ಯಾಟ್ ಮಾಡಿದರೆ ಕಾಲವೇ ಹಿಂದುಮುಂದಾಗುತ್ತದೆ.

ಅದೇ ಅಳತೆಯಲ್ಲಿ ಎದುರಾಳಿಯಾದ ಸೇಬರ್ ವಿಮಾನದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಪಕ್ಕದಲ್ಲಿಟ್ಟೆ. ಉದ್ದವೂ ಅಗಲವೂ ಸುಮಾರು 16 ಸೆಂಟಿಮೀಟರ್. ನ್ಯಾಟ್ ಕಣ್ಣಿಗೆ ಬೀಳುವುದೇ ಕಷ್ಟವಾಗಿತ್ತೆಂದು ಓದಿದ್ದೆವಲ್ಲ, ಅದರ ಕಾರಣವನ್ನು ಮೇಜಿನ ಮೇಲೆಯೇ ಕಾಣಬಹುದು.

ಎಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಮೂತಿಯ ಬಳಿ ಗೆಲುವಿನ ಗುರುತು ಬರೆಯಬೇಕೇ, ಬರೆದರೆ ಎಷ್ಟು? ನಾನು ಆರಿಸಿಕೊಂಡದ್ದು 1971ರ ನವೆಂಬರ್ 22ರ ಬೊಯ್ರಾ ಕಾಳಗವನ್ನು. ಅಂದು ಡಮ್‌ಡಮ್‌ನಿಂದ ಏರಿದ 22ನೆಯ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್‌ಗಳು ಮೂರು ಸೇಬರ್‌ಗಳನ್ನು ಎದುರಿಸಿದವು. ರಾಯ್ ಮ್ಯಾಸ್ಸಿ, ಎಂ. ಎ. ಗಣಪತಿ, ಡೊನಾಲ್ಡ್ ಲಾಜರಸ್ ಮೂವರಿಗೂ ವೀರಚಕ್ರ ದೊರೆಯಿತು. ಮೂರೂ ಸೇಬರ್‌ಗಳು ಉರುಳಿದವೆಂದು ನಾವು ಹೇಳಿದೆವು. ಎರಡು ಬಿದ್ದದ್ದು ನಿರ್ವಿವಾದ. ಅವುಗಳ ಪೈಲಟ್‌ಗಳು ಪ್ಯಾರಾಚೂಟಿನಲ್ಲಿ ಇಳಿದು ಸೆರೆಯಾದರು. ಮೂರನೆಯದು ಪೆಟ್ಟು ತಿಂದು ಢಾಕಾಕ್ಕೆ ಮರಳಿತೆಂಬುದು ಪಾಕಿಸ್ತಾನದ ಹೇಳಿಕೆ. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಹೊಡೆದ ಸೇಬರ್‌ನ ವಿಷಯದಲ್ಲಿಯೂ ಇದೇ ವಾದ. ಅದೇ ದಿನ ಪಸ್ರೂರಿನಲ್ಲಿ ಇಳಿದು ವೈರಿಯ ವಶವಾದ ನಮ್ಮ ನ್ಯಾಟ್ ಕರಾಚಿಯ ವಸ್ತುಸಂಗ್ರಹಾಲಯ ಸೇರಿತು. ಅದು ಅಲ್ಲಿ ಇಳಿದದ್ದೇಕೆ ಎಂಬುದಕ್ಕೆ ಎರಡೂ ದೇಶಗಳ ಕಥೆ ಬೇರೆ ಬೇರೆ.

ಆದ್ದರಿಂದ ನನ್ನ ನ್ಯಾಟ್‌ನ ಮೂತಿಯನ್ನು ನಾನು ಬರಿದಾಗಿಯೇ ಬಿಟ್ಟೆ. ಅದರಿಂದ ಆ ವೀರರ ಮಾನಕ್ಕೆ ಕುಂದಿಲ್ಲ. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ, ಬಾಂಬು ಬೀಳುತ್ತಿರುವಾಗಲೇ ನ್ಯಾಟ್ ಏರಿಸಿ, ಹಲವು ಸೇಬರ್‌ಗಳೊಡನೆ ಕಾದು ಮಡಿದ ನಿರ್ಮಲ್ ಜಿತ್ ಸಿಂಗ್ ಸೇಖೋಂ ಅವರಿಗೆ ವಾಯುಪಡೆಯ ಏಕೈಕ ಪರಮವೀರ ಚಕ್ರ ಸಂದಿತು. ಆ ಧೈರ್ಯವನ್ನು ಗುರುತುಗಳ ಎಣಿಕೆಯಿಂದ ಅಳೆಯಲಾಗದು.

ಬೊಯ್ರಾದಲ್ಲಿ ಸೆರೆಸಿಕ್ಕ ಇಬ್ಬರಲ್ಲಿ ಒಬ್ಬರಾದ ಪರ್ವೇಜ್ ಮೆಹ್ದಿ ಖುರೇಷಿ 1997ರಲ್ಲಿ ಪಾಕಿಸ್ತಾನ ವಾಯುಪಡೆಯ ಮುಖ್ಯಸ್ಥರಾದರು. ಅಂದು ಅವರೊಡನೆ ಕಾದಾಡಿದ್ದ ಲಾಜರಸ್ ಅಭಿನಂದಿಸಿ ಪತ್ರ ಬರೆದರು. ಖುರೇಷಿಯವರಿಂದ ಉತ್ತರವೂ ಬಂತು. ಹೋರಾಡಿದವರೇ ಅಷ್ಟು ಹದವಾಗಿ ನಡೆದುಕೊಂಡಿರುವಾಗ, ಕುಳಿತು ಬರೆಯುವ ನಾವು ಲೆಕ್ಕ ಹಿಗ್ಗಿಸುವುದೇಕೆ? ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳಿಗೆ ಯುದ್ಧದ ಕಥೆ ಹೇಳುವಾಗ ಇಷ್ಟು ನೆನಪಿಡಿ.